ಸರ್ಕಾರದ ಹಣ ಖಾತೆಗೆ ಬಂದಿಲ್ಲವೇ? ಎಲ್ಲಿ ನಿಂತಿದೆ ಎಂದು ಮೊದಲು ಪತ್ತೆ ಮಾಡಿ

ಗೃಹಲಕ್ಷ್ಮಿಯ ಎರಡು ಸಾವಿರವಿರಲಿ, ಪಿಎಂ ಕಿಸಾನ್ ಕಂತಿರಲಿ, ಬೆಳೆ ಪರಿಹಾರವಿರಲಿ, ‘ದುಡ್ಡು ಬಂದಿಲ್ಲ’ ಅನ್ನುವವರ ತೊಂದರೆ ಮೂರರಲ್ಲಿ ಒಂದಾಗಿರುತ್ತದೆ. ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ. ಇಲ್ಲವೇ ಹೆಸರಿದ್ದರೂ ಇಲಾಖೆ ಆ ತಿಂಗಳ ಹಣ ಇನ್ನೂ ಬಿಟ್ಟಿರುವುದಿಲ್ಲ. ಅದೂ ಅಲ್ಲವಾದರೆ ಹಣ ಖಜಾನೆಯಿಂದ ಹೊರಟಿದೆ, ಬ್ಯಾಂಕಿನ ಬಾಗಿಲಿಂದ ವಾಪಸ್ಸಾಗಿದೆ ಅಥವಾ ನೀವು ಮರೆತೇಬಿಟ್ಟ ಇನ್ನೊಂದು ಖಾತೆಯಲ್ಲಿ ಹೋಗಿ ಕೂತಿದೆ.

ಮೊದಲನೆಯದಕ್ಕೆ ಇಲಾಖೆಗೆ ಹೋಗಬೇಕು. ಎರಡನೆಯದಕ್ಕೆ ಎಲ್ಲಿಗೂ ಹೋಗಿ ಪ್ರಯೋಜನವಿಲ್ಲ, ಕಾಯಬೇಕು. ಮೂರನೆಯದಕ್ಕೆ ಬ್ಯಾಂಕಿಗೆ ಹೋಗಬೇಕು. ಇದು ಗೊತ್ತಿಲ್ಲದೆ ಹೊರಟವರನ್ನು ಬ್ಯಾಂಕಿನವರು ಗ್ರಾಮ ಒನ್‌ಗೆ, ಗ್ರಾಮ ಒನ್‌ನವರು ತಾಲ್ಲೂಕು ಕಚೇರಿಗೆ, ಅಲ್ಲಿಯವರು ಮತ್ತೆ ಬ್ಯಾಂಕಿಗೆ ಕಳಿಸುತ್ತಾರೆ. ಕೂಲಿ ಬಿಟ್ಟು ಮೂರು ದಿನ ಓಡಾಡುವ ಮೊದಲು ಮನೆಯಲ್ಲೇ ಅರ್ಧ ಗಂಟೆ ಕೂತು ಇದನ್ನು ಪತ್ತೆ ಮಾಡಬಹುದು.

ಹಣ ಬರುವ ದಾರಿ

ನೇರ ನಗದು ವರ್ಗಾವಣೆ, ಅಂದರೆ ಡಿಬಿಟಿ, ದೇಶದಲ್ಲಿ ಶುರುವಾದದ್ದು 2013ರ ಜನವರಿ 1ರಂದು. ಈಗ ಹೆಚ್ಚಿನ ಯೋಜನೆಗಳ ಹಣ ಖಾತೆ ಸಂಖ್ಯೆ ನೋಡಿಕೊಂಡು ಬರುವುದಿಲ್ಲ, ಆಧಾರ್ ಸಂಖ್ಯೆ ನೋಡಿಕೊಂಡು ಬರುತ್ತದೆ. ಅರ್ಜಿಗೆ ಪಾಸ್‌ಬುಕ್ ಜೆರಾಕ್ಸ್ ಲಗತ್ತಿಸಿದ ಮಾತ್ರಕ್ಕೆ ಅದೇ ಖಾತೆಗೆ ಹಣ ಬೀಳುತ್ತದೆ ಎಂದುಕೊಳ್ಳುವುದೇ ಅರ್ಧ ಗೊಂದಲಕ್ಕೆ ಮೂಲ.

ಇಲಾಖೆ ಖಜಾನೆಗೆ ಕಳಿಸುವ ಪಟ್ಟಿಯಲ್ಲಿ ಆಧಾರ್ ಸಂಖ್ಯೆ ಮತ್ತು ಮೊತ್ತ ಇರುತ್ತದೆ. ಅದು ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ ನಡೆಸುವ ವ್ಯವಸ್ಥೆಗೆ ಹೋಗುತ್ತದೆ. ಅಲ್ಲಿ ‘ಮ್ಯಾಪರ್’ ಎಂಬ ದೊಡ್ಡ ಪಟ್ಟಿಯಿದೆ. ಯಾವ ಆಧಾರ್ ಸಂಖ್ಯೆಗೆ ಯಾವ ಬ್ಯಾಂಕ್ ಎನ್ನುವುದಷ್ಟೇ ಅದರಲ್ಲಿರುತ್ತದೆ. ಖಾತೆ ಸಂಖ್ಯೆ ಇರುವುದಿಲ್ಲ. ಮ್ಯಾಪರ್ ತೋರಿಸಿದ ಬ್ಯಾಂಕಿಗೆ ಹಣ ಹೋಗುತ್ತದೆ, ಯಾವ ಖಾತೆಗೆ ಹಾಕಬೇಕೆಂದು ಆ ಬ್ಯಾಂಕು ತನ್ನ ದಾಖಲೆ ನೋಡಿ ಹಾಕುತ್ತದೆ.

ಇದರಿಂದ ಹುಟ್ಟುವ ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಒಂದು ಆಧಾರ್‌ಗೆ ಒಂದು ಹೊತ್ತಿಗೆ ಒಂದೇ ಬ್ಯಾಂಕು. ಎರಡು ಬ್ಯಾಂಕಿನಲ್ಲಿ ಖಾತೆಯಿದ್ದರೆ ಕೊನೆಗೆ ಎಲ್ಲಿ ಒಪ್ಪಿಗೆ ಕೊಟ್ಟಿರಿ, ಹಣ ಅಲ್ಲಿಗೆ. ಒಂದೇ ಬ್ಯಾಂಕಿನಲ್ಲಿ ಎರಡು ಖಾತೆಯಿದ್ದರೆ, ಉದಾಹರಣೆಗೆ ಹಳೆಯ ಜನ್‌ಧನ್ ಖಾತೆ ಮತ್ತು ಸಂಘದ ಸಾಲಕ್ಕಾಗಿ ಮಾಡಿಸಿದ ಇನ್ನೊಂದು ಖಾತೆ, ಹಣ ಬೀಳುವುದು ಅವುಗಳಲ್ಲಿ ಯಾವುದಾದರೊಂದಕ್ಕೆ. ಒಂದು ಪಾಸ್‌ಬುಕ್ ಮಾತ್ರ ಎಂಟ್ರಿ ಹಾಕಿಸಿ ‘ಬಂದಿಲ್ಲ’ ಎಂದು ಎಷ್ಟೋ ಜನ ಕೂತಿರುತ್ತಾರೆ. ಹಣ ಇನ್ನೊಂದರಲ್ಲಿ ತಿಂಗಳುಗಟ್ಟಲೆ ಬೀಳುತ್ತಲೇ ಇರುತ್ತದೆ.

ಗೊತ್ತಿಲ್ಲದೆಯೂ ಬ್ಯಾಂಕು ಬದಲಾಗಿಬಿಡಬಹುದು. 2017ರಲ್ಲಿ ಒಂದು ಮೊಬೈಲ್ ಕಂಪನಿ ಸಿಮ್‌ಗೆ ಆಧಾರ್ ಪರಿಶೀಲನೆ ಮಾಡುವ ನೆಪದಲ್ಲಿ ಗ್ರಾಹಕರ ಹೆಸರಲ್ಲಿ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು, ಗ್ಯಾಸ್ ಸಬ್ಸಿಡಿ ಅಲ್ಲಿಗೆ ಹರಿದುಹೋಗಿತ್ತು. ಆಮೇಲೆ ನಿಯಮ ಬಿಗಿಯಾಯಿತು. ಆದರೂ ಹೊಸ ಖಾತೆ ತೆರೆಯುವ ಅರ್ಜಿಯಲ್ಲಿ ‘ಈ ಖಾತೆಗೆ ಸರ್ಕಾರಿ ಸೌಲಭ್ಯ ಪಡೆಯಲು ಒಪ್ಪಿಗೆ’ ಎಂಬ ಸಾಲಿಗೆ ಟಿಕ್ ಬಿದ್ದರೆ ಸಾಕು, ದಾರಿ ಬದಲಾಯಿತು. ಆ ಸಾಲನ್ನು ಓದಿಯೇ ಸಹಿ ಮಾಡಿ.

ಇನ್ನೊಂದು ಗೊಂದಲ: ‘ಆಧಾರ್ ಲಿಂಕ್ ಆಗಿದೆ’ ಎಂದು ಬ್ಯಾಂಕಿನವರು ಹೇಳಿದರೆ ಅದು ಸೀಡಿಂಗ್ ಆಗಿರಲೇಬೇಕೆಂದಿಲ್ಲ. ಗುರುತಿನ ದಾಖಲೆಯಾಗಿ ಆಧಾರ್ ಪಡೆದು ಖಾತೆಗೆ ಸೇರಿಸುವುದು ಕೆವೈಸಿ. ಮ್ಯಾಪರ್‌ನಲ್ಲಿ ಆ ಬ್ಯಾಂಕಿನ ಹೆಸರು ಏರಿಸುವುದು ಸೀಡಿಂಗ್. ಜನರು ‘ಎನ್‌ಪಿಸಿಐ ಮಾಡಿಸುವುದು’ ಅನ್ನುವುದು ಈ ಎರಡನೆಯದಕ್ಕೆ. ಕೌಂಟರ್‌ನಲ್ಲಿ ಕೇಳುವಾಗ ‘ಲಿಂಕ್ ಆಗಿದೆಯಾ’ ಅನ್ನಬೇಡಿ, ‘ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಆಕ್ಟಿವ್ ಇದೆಯಾ’ ಎಂದು ಕೇಳಿ.

ಮನೆಯಲ್ಲೇ ಮಾಡಬೇಕಾದ ಪರೀಕ್ಷೆ

ಇದಕ್ಕೆಲ್ಲ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿರಬೇಕು, ಓಟಿಪಿ ಬರುವುದು ಅದಕ್ಕೇ. ಆ ಸಿಮ್ ಕಳೆದುಹೋಗಿದ್ದರೆ ಮೊದಲ ಕೆಲಸ ಆಧಾರ್ ಕೇಂದ್ರದಲ್ಲಿ ನಂಬರ್ ಬದಲಿಸುವುದು.

1. ಮೈಆಧಾರ್ ಪೋರ್ಟಲ್‌ಗೆ ಆಧಾರ್ ಸಂಖ್ಯೆ ಮತ್ತು ಓಟಿಪಿ ಹಾಕಿ ಒಳಹೋಗಿ, ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿ. ಬ್ಯಾಂಕಿನ ಹೆಸರು, ಆಕ್ಟಿವ್ ಅಥವಾ ಇನ್‌ಆಕ್ಟಿವ್, ಕೊನೆಯದಾಗಿ ಬದಲಾದ ದಿನಾಂಕ ಕಾಣುತ್ತವೆ. ಇದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

2. ರಾಜ್ಯದ ಯೋಜನೆಯಾದರೆ ‘ಡಿಬಿಟಿ ಕರ್ನಾಟಕ’ ಆ್ಯಪ್ ಹಾಕಿಕೊಳ್ಳಿ, ಪ್ಲೇ ಸ್ಟೋರ್‌ನಿಂದ ಮಾತ್ರ. ಆಧಾರ್ ಮತ್ತು ಓಟಿಪಿ ಕೊಟ್ಟು, ನಿಮ್ಮದೇ ಪಿನ್ ಇಟ್ಟುಕೊಂಡು ‘ಪಾವತಿ ಸ್ಥಿತಿ’ ನೋಡಿ. ಯೋಜನೆವಾರು ಯಾವ ದಿನ ಎಷ್ಟು ಹಣ ಯಾವ ಬ್ಯಾಂಕಿಗೆ ಹೋಯಿತು, ಯುಟಿಆರ್ ಸಂಖ್ಯೆ (ಆ ಪಾವತಿಯ ಗುರುತಿನ ಸಂಖ್ಯೆ) ಏನು ಎಂಬುದು ಇಲ್ಲಿ ಸಿಗುತ್ತದೆ.

3. ಪಿಎಂ ಕಿಸಾನ್ ಆದರೆ ಅದರದೇ ಪೋರ್ಟಲ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿ ಸ್ಥಿತಿ ನೋಡಿ. ಭೂಮಿ ಜೋಡಣೆ, ಇ-ಕೆವೈಸಿ, ಬ್ಯಾಂಕ್ ಸೀಡಿಂಗ್ ಎಂಬ ಮೂರು ಸಾಲುಗಳ ಮುಂದೆ ‘ಯೆಸ್’ ಅಥವಾ ‘ನೋ’ ಇರುತ್ತದೆ. ಮೂರೂ ‘ಯೆಸ್’ ಆಗದೆ ಕಂತು ಬರುವುದಿಲ್ಲ.

ಈಗ ಫಲಿತಾಂಶ ಓದಿ. ಡಿಬಿಟಿ ಆ್ಯಪಿನಲ್ಲಿ ಯೋಜನೆಯ ಹೆಸರೇ ಇಲ್ಲದಿದ್ದರೆ ನಿಮ್ಮ ಹೆಸರಿಗೆ ಪಾವತಿಯೇ ಆಗಿಲ್ಲ, ಅರ್ಹತೆ ಅಥವಾ ನೋಂದಣಿಯ ಕಡೆ ತೊಡಕಿದೆ. ಹಿಂದಿನ ತಿಂಗಳುಗಳಿದ್ದು ಈ ತಿಂಗಳದ್ದು ಮಾತ್ರ ಇಲ್ಲದಿದ್ದರೆ ಅಕ್ಕಪಕ್ಕದವರನ್ನು ವಿಚಾರಿಸಿ. ಅವರಿಗೂ ಬಂದಿಲ್ಲವಾದರೆ ಬಿಡುಗಡೆ ತಡವಾಗಿದೆ ಅಷ್ಟೆ. ಪಾವತಿ ಯಶಸ್ವಿ ಎಂದಿದ್ದು ಪಾಸ್‌ಬುಕ್‌ನಲ್ಲಿ ಇಲ್ಲದಿದ್ದರೆ ನೀವು ನೋಡುತ್ತಿರುವುದು ಬೇರೆ ಖಾತೆ. ‘ವಿಫಲ’ ಎಂದಿದ್ದರೆ ಅದರ ಮುಂದಿರುವ ಕಾರಣವನ್ನು ಹಾಗೆಯೇ ಬರೆದುಕೊಳ್ಳಿ, ಬ್ಯಾಂಕಿನಲ್ಲಿ ಅದೇ ಆಧಾರ.

ಹೆಸರೇ ಇಲ್ಲವೆಂದರೆ

ಗೃಹಲಕ್ಷ್ಮಿ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಜಾರಿಯಾಯಿತು. ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ನಮೂದಾದ ಮಹಿಳೆಗೆ ತಿಂಗಳಿಗೆ ₹2,000. ಅಂತ್ಯೋದಯ, ಬಿಪಿಎಲ್, ಎಪಿಎಲ್ ಮೂರಕ್ಕೂ ಅನ್ವಯ. ಯಜಮಾನಿ ಅಥವಾ ಆಕೆಯ ಪತಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ಸಿಗುವುದಿಲ್ಲ. ನಿಯಮ ಹೇಳುವುದು ಇವರಿಬ್ಬರ ಬಗ್ಗೆ ಮಾತ್ರ. ಬೆಂಗಳೂರಿನಲ್ಲಿರುವ ಮಗ ತೆರಿಗೆ ಕಟ್ಟುತ್ತಾನೆಂದು ಅರ್ಜಿಯನ್ನೇ ಹಾಕದ ತಾಯಂದಿರಿದ್ದಾರೆ, ಅದರ ಅಗತ್ಯವಿಲ್ಲ.

ಚೀಟಿಯಲ್ಲಿ ಗಂಡಸಿನ ಹೆಸರು ಯಜಮಾನನೆಂದಿದ್ದರೆ ಮೊದಲು ತಿದ್ದುಪಡಿ ಆಗಬೇಕು. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ 18 ದಾಟಿದ ಹಿರಿಯ ಹೆಂಗಸೇ ಕುಟುಂಬದ ಯಜಮಾನಿ. ಅತ್ತೆ ಯಜಮಾನಿಯಾಗಿದ್ದು ತೀರಿಕೊಂಡರೆ ಸೊಸೆಗೆ ಹಣ ತಾನಾಗಿಯೇ ವರ್ಗವಾಗುವುದಿಲ್ಲ. ಮರಣ ಪ್ರಮಾಣಪತ್ರ ಕೊಟ್ಟು ಹೆಸರು ತೆಗೆಸಿ, ಸೊಸೆಯನ್ನು ಯಜಮಾನಿ ಮಾಡಿಸಿ, ಹೊಸದಾಗಿ ಅರ್ಜಿ ಹಾಕಬೇಕು. ತೀರಿಕೊಂಡವರ ಖಾತೆಗೆ ಬೀಳುತ್ತಿದ್ದ ಹಣವನ್ನು ಎಟಿಎಂ ಕಾರ್ಡಿನಲ್ಲಿ ತೆಗೆಯುತ್ತ ಸುಮ್ಮನಿದ್ದರೆ ಮುಂದೆ ವಸೂಲಿಗೆ ನೋಟಿಸು ಬರಬಹುದು.

ತೆರಿಗೆಯನ್ನೇ ಕಟ್ಟದವರ ಹೆಸರು ತೆರಿಗೆದಾರರ ಪಟ್ಟಿಗೆ ಸೇರಿ ಕಂತು ನಿಲ್ಲುವುದೂ ಉಂಟು. ಯಾವುದೋ ಸಾಲಕ್ಕೆಂದು ಏಜೆಂಟ್ ಒಬ್ಬ ಪತಿಯ ಪ್ಯಾನ್ ಬಳಸಿ ರಿಟರ್ನ್ಸ್ ಹಾಕಿರುತ್ತಾನೆ, ಅಥವಾ ಮುಚ್ಚಿದ ಅಂಗಡಿಯ ಜಿಎಸ್‌ಟಿ ನೋಂದಣಿ ರದ್ದಾಗದೆ ಉಳಿದಿರುತ್ತದೆ. ಅದನ್ನು ಆದಾಯ ತೆರಿಗೆ ಅಥವಾ ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಡಿ ಖಚಿತ ಮಾಡಿಕೊಂಡು, ದಾಖಲೆ ಸಮೇತ ಸಿಡಿಪಿಒ, ಅಂದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಮನವಿ ಕೊಡಿ. ಬಾಯಿಮಾತಿಗೆ ಅಲ್ಲಿ ಬೆಲೆಯಿಲ್ಲ.

ಪಿಎಂ ಕಿಸಾನ್‌ನಲ್ಲಿ ವರ್ಷಕ್ಕೆ ₹6,000, ನಾಲ್ಕು ತಿಂಗಳಿಗೊಮ್ಮೆ ₹2,000. ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಸೇರಿ ಒಂದು ಕುಟುಂಬ, ಒಬ್ಬರಿಗೆ ಮಾತ್ರ. 2019ರ ಫೆಬ್ರವರಿ 1ಕ್ಕೆ ಭೂಮಿ ಹೆಸರಿನಲ್ಲಿರಬೇಕು. ಆಮೇಲೆ ಕೊಂಡ ಜಮೀನಿಗೆ ಬರುವುದಿಲ್ಲ, ಪಿತ್ರಾರ್ಜಿತವಾಗಿ ಬಂದದ್ದಕ್ಕೆ ವಿನಾಯಿತಿ ಇದೆ. ಕಳೆದ ವರ್ಷ ಆದಾಯ ತೆರಿಗೆ ಕಟ್ಟಿದವರು, ಗ್ರೂಪ್ ಡಿ ಬಿಟ್ಟು ಉಳಿದ ಸರ್ಕಾರಿ ನೌಕರರು, ತಿಂಗಳಿಗೆ ₹10,000 ಅಥವಾ ಹೆಚ್ಚು ಪಿಂಚಣಿ ಪಡೆಯುವವರು, ವೃತ್ತಿಯಲ್ಲಿರುವ ವೈದ್ಯ, ವಕೀಲ, ಎಂಜಿನಿಯರ್‌ಗಳು ಅನರ್ಹರು. ಅನರ್ಹರಾಗಿದ್ದೂ ಪಡೆದವರಿಂದ ವಾಪಸ್ ವಸೂಲಿ ನಡೆದಿದೆ, ಆದ್ದರಿಂದ ‘ಬಂದಷ್ಟು ಬರಲಿ’ ಎಂಬ ಲೆಕ್ಕ ಬೇಡ. ಇ-ಕೆವೈಸಿಯನ್ನು ಓಟಿಪಿಯಿಂದ, ಸೇವಾ ಕೇಂದ್ರದಲ್ಲಿ ಹೆಬ್ಬೆಟ್ಟಿನಿಂದ ಅಥವಾ ಪಿಎಂ ಕಿಸಾನ್ ಆ್ಯಪಿನಲ್ಲಿ ಮುಖ ತೋರಿಸಿ ಮಾಡಬಹುದು. ಗೆಯ್ಮೆ ಮಾಡಿ ಬೆರಳಿನ ಗೆರೆ ಸವೆದವರಿಗೆ ಮುಖದ ದಾರಿಯೇ ಸಲೀಸು.

ನಿರುದ್ಯೋಗಿ ಯುವಜನರ ಭತ್ಯೆಯಾದ ಯುವನಿಧಿಗೆ ಹೆಚ್ಚು ವಿವರ ಬೇಡ. ತಿಂಗಳಿಗೆ ಪದವೀಧರರಿಗೆ ₹3,000, ಡಿಪ್ಲೊಮಾ ಮುಗಿಸಿದವರಿಗೆ ₹1,500, ಗರಿಷ್ಠ 2 ವರ್ಷ. ತೇರ್ಗಡೆಯಾಗಿ 180 ದಿನ ಕೆಲಸ ಸಿಗದೆ ಇರಬೇಕು, ಮುಂದೆ ಓದುತ್ತಿರಬಾರದು. ಹಣ ನಿಲ್ಲುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ‘ನಾನಿನ್ನೂ ನಿರುದ್ಯೋಗಿ’ ಎಂಬ ಸ್ವಯಂ ಘೋಷಣೆಯನ್ನು ಸೇವಾಸಿಂಧುವಿನಲ್ಲಿ ನಿಗದಿತ ಅವಧಿಗೊಮ್ಮೆ ಹಾಕಲು ಮರೆತಿರುತ್ತಾರೆ.

ಬೆಳೆ ಪರಿಹಾರ: ಲೆಕ್ಕ ಮತ್ತು ಪಹಣಿ

ಪರಿಹಾರದ ಮೊತ್ತದ ಬಗ್ಗೆ ಬರುವಷ್ಟು ತಕರಾರು ಬೇರೆ ಯಾವುದರಲ್ಲೂ ಇಲ್ಲ. ವಿಪತ್ತು ಪರಿಹಾರ ನಿಧಿಯ 2022–26ರ ಮಾರ್ಗಸೂಚಿಯಲ್ಲಿ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ ₹8,500, ನೀರಾವರಿಗೆ ₹17,000, ಬಹುವಾರ್ಷಿಕ ಬೆಳೆಗೆ ₹22,500 ಇತ್ತು. ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾಗಿರಬೇಕು, ಗರಿಷ್ಠ 2 ಹೆಕ್ಟೇರ್. ಇದು ಹಾಕಿದ ಬಂಡವಾಳಕ್ಕೆ ಒಂದಿಷ್ಟು ಆಸರೆ, ಕಳೆದುಕೊಂಡ ಬೆಳೆಯ ಬೆಲೆಯಲ್ಲ. ಬೆಳೆ ವಿಮೆ ಬೇರೆ, ಅದರ ಲೆಕ್ಕವೂ ಬೇರೆ.

3 ಎಕರೆ 20 ಗುಂಟೆ ಖುಷ್ಕಿಯಲ್ಲಿ ರಾಗಿ ಒಣಗಿತು ಅನ್ನಿ. ಒಂದು ಹೆಕ್ಟೇರಿಗೆ 2.47 ಎಕರೆ. 3.5 ಎಕರೆಯನ್ನು 2.47ರಿಂದ ಭಾಗಿಸಿದರೆ ಸುಮಾರು 1.42 ಹೆಕ್ಟೇರ್. ಅದನ್ನು 8,500ರಿಂದ ಗುಣಿಸಿದರೆ ₹12,000 ಚಿಲ್ಲರೆ. ಹತ್ತು ಎಕರೆ ಇದ್ದರೂ ಲೆಕ್ಕ 4 ಎಕರೆ 38 ಗುಂಟೆಯ ಹತ್ತಿರ ನಿಲ್ಲುತ್ತದೆ, ಖುಷ್ಕಿಗೆ ₹17,000ಕ್ಕಿಂತ ಮೇಲೆ ಹೋಗುವುದಿಲ್ಲ. 2023ರ ಬರದಲ್ಲಿ ರಾಜ್ಯ ಮೊದಲು ₹2,000ದವರೆಗೆ ಕೊಟ್ಟು, ಕೇಂದ್ರದ ಹಣ ಬಂದ ಮೇಲೆ 2024ರಲ್ಲಿ ಅದನ್ನು ಕಳೆದು ಬಾಕಿ ಹಾಕಿತು. ‘ಎರಡು ಸಾವಿರ ಕಡಿಮೆ ಬಂತು’ ಎಂದು ದೂರಿದವರಲ್ಲಿ ಬಹಳ ಮಂದಿ ಮೊದಲ ಕಂತನ್ನು ಮರೆತಿದ್ದರು.

ಪರಿಹಾರ ಬೇಕೆಂದರೆ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ನಿಮ್ಮ ಎಫ್‌ಐಡಿ (ರೈತ ಗುರುತಿನ ಸಂಖ್ಯೆ) ಇರಬೇಕು, ಅದಕ್ಕೆ ನಿಮ್ಮ ಎಲ್ಲ ಸರ್ವೆ ನಂಬರ್‌ಗಳೂ ಸೇರಿರಬೇಕು. ಒಂದು ಸರ್ವೆ ನಂಬರ್ ಬಿಟ್ಟುಹೋಗಿದ್ದರೆ ಅಷ್ಟು ಜಮೀನಿನ ಹಣ ಬರುವುದಿಲ್ಲ. ರೈತ ಸಂಪರ್ಕ ಕೇಂದ್ರದಲ್ಲಿ ಆಧಾರ್, ಪಹಣಿ, ಪಾಸ್‌ಬುಕ್ ಕೊಟ್ಟು ಸೇರಿಸಬಹುದು. ಇನ್ನೊಂದು, ಬೆಳೆ ಸಮೀಕ್ಷೆಯಲ್ಲಿ ಏನು ದಾಖಲಾಗಿದೆ ಎನ್ನುವುದು. ಹೊಲದಲ್ಲಿದ್ದದ್ದು ತೊಗರಿ, ಸಮೀಕ್ಷೆಯಲ್ಲಿ ‘ಬೀಳು’ ಎಂದಿದ್ದರೆ ಪರಿಹಾರ ಸೊನ್ನೆ. ‘ಬೆಳೆ ದರ್ಶಕ’ ಆ್ಯಪಿನಲ್ಲಿ ಸರ್ವೆ ನಂಬರ್ ಹಾಕಿದರೆ ದಾಖಲಾದ ಬೆಳೆಯೂ ಫೋಟೋವೂ ಕಾಣುತ್ತದೆ. ಆಕ್ಷೇಪಣೆಗೆ ಅವಕಾಶ ತೆರೆದಿರುವಾಗಲೇ ಅಲ್ಲಿ ತಕರಾರು ಹಾಕಿ. ಪಟ್ಟಿ ಅಂತಿಮವಾದ ಮೇಲೆ ಗ್ರಾಮ ಆಡಳಿತಾಧಿಕಾರಿಯ ಕೈಯಲ್ಲೂ ಹೆಚ್ಚೇನೂ ಇರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇರುವುದು. ಉಳುವವರು ಮೊಮ್ಮಕ್ಕಳು, ಆದರೆ ಹಣ ಹೋಗಬೇಕಾದ ಆಧಾರ್ ಇಲ್ಲವೇ ಇಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಜೋಡಿಸಿ ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕಿ. ಅಣ್ಣತಮ್ಮಂದಿರ ವ್ಯಾಜ್ಯ ಬಗೆಹರಿಯುವವರೆಗೆ ಕಾಯಬೇಕಿಲ್ಲ. ಪೌತಿ ಮಾಡಿಸಿ ಎಲ್ಲರ ಹೆಸರಿನಲ್ಲಿ ಜಂಟಿಯಾಗಿ ಬರೆಸಿ, ಭಾಗ ಆಮೇಲೆ ಮಾಡಿಕೊಳ್ಳಬಹುದು.

ಹಣ ಬ್ಯಾಂಕಿನಿಂದ ತಿರುಗಿ ಹೋಗಿದ್ದರೆ

‘ಆಧಾರ್ ಮ್ಯಾಪ್ ಆಗಿಲ್ಲ’ ಎಂಬ ಕಾರಣವಿದ್ದರೆ ಬ್ಯಾಂಕಿನಲ್ಲಿ ಸೀಡಿಂಗ್ ಅರ್ಜಿ ಕೊಡಿ. ಹೊಸದಾಗಿಯೋ, ಬೇರೆ ಬ್ಯಾಂಕಿನಿಂದ ಬದಲಾವಣೆಯೋ ಎಂದು ಅದರಲ್ಲಿ ಗುರುತು ಹಾಕಬೇಕು. ಬದಲಾವಣೆಯಾದರೆ ಹಳೆಯ ಬ್ಯಾಂಕಿನ ಹೆಸರು ಬರೆಯಲೇಬೇಕು, ಖಾಲಿ ಬಿಟ್ಟ ಅರ್ಜಿ ತಿರಸ್ಕೃತವಾಗುವುದುಂಟು. ಮೈಆಧಾರ್‌ನಲ್ಲಿ ತೆಗೆದ ಸ್ಕ್ರೀನ್‌ಶಾಟ್ ಉಪಯೋಗಕ್ಕೆ ಬರುವುದು ಇಲ್ಲೇ. ಎನ್‌ಪಿಸಿಐ ಜಾಲತಾಣದ ‘ಭಾರತ್ ಆಧಾರ್ ಸೀಡಿಂಗ್ ಎನೇಬ್ಲರ್’ ಮೂಲಕ ಮನೆಯಿಂದಲೂ ಹಾಕಬಹುದು, ನಿಮ್ಮ ಬ್ಯಾಂಕು ಆ ಪಟ್ಟಿಯಲ್ಲಿದ್ದರೆ. ಹೊಸ ಬ್ಯಾಂಕು ‘ಆಕ್ಟಿವ್’ ಎಂದು ಕಾಣಿಸಿ, ಒಂದು ಕಂತು ಬಿದ್ದದ್ದು ಕಣ್ಣಾರೆ ಕಂಡ ಮೇಲಷ್ಟೇ ಹಳೆಯ ಖಾತೆ ಮುಚ್ಚಿ.

‘ಖಾತೆ ನಿಷ್ಕ್ರಿಯ’ ಎಂದಿದ್ದರೆ, ನೀವಾಗಿ ಎರಡು ವರ್ಷ ಯಾವ ವ್ಯವಹಾರವನ್ನೂ ಮಾಡಿಲ್ಲವೆಂದರ್ಥ. ಆಧಾರ್, ಫೋಟೋ ಕೊಟ್ಟು ಕೆವೈಸಿ ನವೀಕರಿಸಿದರೆ ಮತ್ತೆ ಚಾಲೂ ಆಗುತ್ತದೆ, ಇದಕ್ಕೆ ಶುಲ್ಕ ಕೇಳುವಂತಿಲ್ಲ. ವಿದ್ಯಾರ್ಥಿವೇತನ ನಿಂತ ಮಕ್ಕಳಲ್ಲಿ ಬೇರೊಂದು ಕಾರಣ ಕಾಣುತ್ತದೆ: 18 ತುಂಬಿದ ಮೇಲೆ ಅಪ್ರಾಪ್ತರ ಖಾತೆಯನ್ನು ವಯಸ್ಕರ ಖಾತೆಯಾಗಿ ಬದಲಿಸದೆ ಉಳಿದಿರುವುದು. ಹೊಸ ಸಹಿ, ಹೊಸ ಫೋಟೋ ಕೊಟ್ಟರೆ ಮುಗಿಯಿತು.

ವಿಲೀನವಾದ ಬ್ಯಾಂಕುಗಳ ಗ್ರಾಹಕರಿಗೂ ಒಂದು ಮಾತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿದವು. ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಿಂದ ಒಂದಾಗಿ ಬಳ್ಳಾರಿಯಲ್ಲಿ ಕೇಂದ್ರ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆದವು. ಅರ್ಜಿಯಲ್ಲಿ ಹಳೆಯ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ಬರೆಯಬೇಡಿ, ಹೊಸ ಪಾಸ್‌ಬುಕ್ ಕೇಳಿ ಪಡೆಯಿರಿ.

ತಿರುಗಿ ಹೋದ ಹಣ ಮುಳುಗಿತು ಎಂದು ಹೆದರಬೇಡಿ, ಅದು ಇಲಾಖೆಗೆ ವಾಪಸ್ಸಾಗಿರುತ್ತದೆ. ಆದರೆ ಖಾತೆ ಸರಿಪಡಿಸಿದ ಮರುದಿನವೇ ತಾನಾಗಿ ಬರುತ್ತದೆಂದೂ ಕಾಯಬೇಡಿ. ಯಾವ ತಿಂಗಳದ್ದು ವಿಫಲವಾಗಿದೆ, ಈಗ ಸೀಡಿಂಗ್ ಸರಿಯಾಗಿದೆ ಎಂದು ಬರೆದು ಇಲಾಖೆಗೆ ಮನವಿ ಕೊಡಿ.

ಕೈಗೆ ಬರುವ ಹಂತದಲ್ಲಿ

ಬ್ಯಾಂಕ್ ಮಿತ್ರರ ಬಳಿ ಹೆಬ್ಬೆಟ್ಟು ಒತ್ತಿ ಹಣ ತೆಗೆಯುವವರು ಮೊದಲು ಬ್ಯಾಲೆನ್ಸ್ ಕೇಳಿ, ಆಮೇಲೆ ಮೊತ್ತ ಹೇಳಿ, ರಸೀದಿ ತೆಗೆದುಕೊಳ್ಳಿ. ಬ್ಯಾಲೆನ್ಸ್ ನೋಡಲೂ ಒಂದು ಹೆಬ್ಬೆಟ್ಟು ಬೇಕು, ಆದ್ದರಿಂದ ಎರಡು ಸಲ ಒತ್ತುವುದು ಸಹಜವೇ. ಮೂರನೆಯ ಸಲ ‘ಸರ್ವರ್ ಇಲ್ಲ, ಇನ್ನೊಮ್ಮೆ ಒತ್ತಿ’ ಎಂದರೆ ಹಿಂದಿನದು ವಿಫಲವಾದ ಚೀಟಿ ಮುದ್ರಿಸಿ ಕೊಡಲು ಹೇಳಿ. ನೂರಕ್ಕೆ ಹತ್ತು ಇಪ್ಪತ್ತು ಕಮಿಷನ್ ಕೇಳುವುದು ಅಕ್ರಮ. ಅವರಿಗೆ ಬ್ಯಾಂಕೇ ಕಮಿಷನ್ ಕೊಡುತ್ತದೆ.

ವಾಟ್ಸ್‌ಆ್ಯಪಿನಲ್ಲಿ ‘ಪಿಎಂ ಕಿಸಾನ್’ ಎಂಬ ಹೆಸರಿನ ಎಪಿಕೆ ಫೈಲ್ (ಪ್ಲೇ ಸ್ಟೋರ್ ಹೊರಗಿನಿಂದ ಆ್ಯಪ್ ಹಾಕುವ ಕಡತ) ಬಂದರೆ ಮುಟ್ಟಬೇಡಿ. ಅದನ್ನು ಹಾಕಿಕೊಂಡರೆ ಫೋನಿಗೆ ಬರುವ ಓಟಿಪಿಗಳು ಬೇರೆಯವರ ಕೈಸೇರುತ್ತವೆ. ಹಣ ಹೋಗಿಯೇಬಿಟ್ಟಿದ್ದರೆ ಮೊದಲ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ, ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು.

ದೂರು ಕೊಡುವುದಾದರೆ

ಅರ್ಜಿಯಲ್ಲಿ ಕಷ್ಟ ಸುಖ ಬರೆಯುವುದಕ್ಕಿಂತ ಸಂಖ್ಯೆಗಳನ್ನು ಬರೆಯಿರಿ: ಪಡಿತರ ಚೀಟಿ ಅಥವಾ ಎಫ್‌ಐಡಿ ಸಂಖ್ಯೆ, ಆಧಾರ್‌ನ ಕೊನೆಯ ನಾಲ್ಕು ಅಂಕಿ, ಯಾವ ತಿಂಗಳ ಕಂತು, ಆ್ಯಪ್ ತೋರಿಸಿದ ಕಾರಣ, ಯುಟಿಆರ್ ಇದ್ದರೆ ಅದು. ಎರಡು ಪ್ರತಿ ಮಾಡಿ ಒಂದಕ್ಕೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಗೃಹಲಕ್ಷ್ಮಿಗೆ ಸಿಡಿಪಿಒ, ಬೆಳೆ ಪರಿಹಾರಕ್ಕೆ ತಹಶೀಲ್ದಾರ್, ಪಿಎಂ ಕಿಸಾನ್‌ಗೆ ರೈತ ಸಂಪರ್ಕ ಕೇಂದ್ರ ಅಥವಾ 155261, ಆಧಾರ್ ತೊಂದರೆಗೆ 1947. ರಾಜ್ಯದ ಯಾವ ಇಲಾಖೆಯ ಮೇಲಾದರೂ 1902ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.

ಬ್ಯಾಂಕಿನದೇ ತಪ್ಪಾಗಿದ್ದರೆ, ಸೀಡಿಂಗ್ ಅರ್ಜಿ ಕೊಟ್ಟು ತಿಂಗಳಾದರೂ ಏರಿಸದಿದ್ದರೆ, ಅಥವಾ ಬಂದ ಪರಿಹಾರವನ್ನು ಕೇಳದೆ ಹಳೆಯ ಸಾಲಕ್ಕೆ ಜಮಾ ಮಾಡಿಕೊಂಡಿದ್ದರೆ ಮೊದಲು ಶಾಖೆಗೆ ಲಿಖಿತವಾಗಿ ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಶುಲ್ಕವಿಲ್ಲ, ವಕೀಲರೂ ಬೇಡ, ಮಾಹಿತಿಗೆ 14448. ಅಲ್ಲಿ ಮೊದಲು ಕೇಳುವುದೇ ಶಾಖೆಗೆ ಕೊಟ್ಟ ದೂರಿನ ದಿನಾಂಕ, ಸೀಲು ಬಿದ್ದ ಆ ಎರಡನೆಯ ಪ್ರತಿಯನ್ನು ಅಲ್ಲಿಯವರೆಗೆ ಜೋಪಾನವಾಗಿಡಿ.